ಒಬ್ಬರನ್ನು ಕಳೆದುಕೊಂಡ ಮಕ್ಕಳು



ಅನಕಾಪಲ್ಲಿ ಎಂದೊಡನೆ ನೆನಪಾಗುವುದು ಬೆಲ್ಲ. ದೇಶದ ದೊಡ್ಡ ಬೆಲ್ಲದ ಮಾರುಕಟ್ಟೆಗಳಲ್ಲಿ ಅದೂ ಒಂದು. ವಿಶಾಖಪಟ್ಟಣ ಬಿಟ್ಟು ವಿಜಯವಾಡದ ಕಡೆಗೆ ಹೊರಟವರಿಗೆ ದಾರಿಯಲ್ಲಿ ಸಿಗುವ ಊರು. 2020ರ ಮಾರ್ಚ್ 25ರಂದು ದೇಶವಿಡೀ ಲಾಕ್‌ಡೌನ್ ಆದ ಮೇಲೆ ಇದೇ ಹೆದ್ದಾರಿಯಲ್ಲಿ ಸಾವಿರಾರು ಕೂಲಿಕಾರರು ಚೆನ್ನೈ ಕಡೆಯಿಂದ ಒಡಿಶಾ, ಬಿಹಾರಗಳತ್ತ ನಡೆದು ಹೋದರು. ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ನಡೆದವರನ್ನು ಟಿ.ವಿ.ಯಲ್ಲಿ ನಾವೆಲ್ಲ ನೋಡಿ ಮರುಗಿದೆವು. ಆದರೆ ಯಾವ ಕ್ಯಾಮೆರಾಕ್ಕೂ ಸಿಗದೆ ಮನೆಯೊಳಗೇ ಉಳಿದ ಮಕ್ಕಳೂ ಇದ್ದರು. ಇವತ್ತಿನ ಮಾತು ಅವರ ಬಗ್ಗೆ.

ಬಡ ಕುಟುಂಬದ ಮಗುವಿಗೆ ಶಾಲೆ ಎಂದರೆ ಪಾಠದ ಜೊತೆಗೆ ಇನ್ನೂ ಎರಡು ವಿಷಯ. ಒಂದು, ಮಧ್ಯಾಹ್ನದ ಬಿಸಿಯೂಟ. ಇನ್ನೊಂದು, ಮನೆಯ ಹೊರಗಿನ ಒಬ್ಬ ದೊಡ್ಡವರು ದಿನಾ ತನ್ನನ್ನು ನೋಡುವುದು. ಮಗು ಸೊರಗಿದೆಯೇ, ಮೈಮೇಲೆ ಬಾಸುಂಡೆ ಇದೆಯೇ, ಮೂರು ದಿನದಿಂದ ಏಕೆ ಬಂದಿಲ್ಲ ಎಂದು ಕೇಳುವವರು ಮೇಷ್ಟ್ರು, ಅಂಗನವಾಡಿ ಟೀಚರು. ಶಾಲೆ ಮುಚ್ಚಿದಾಗ ಊಟದ ಬದಲು ಅಕ್ಕಿ, ಬೇಳೆ ಕೊಟ್ಟರು. ಆದರೆ ನೋಡುವ ಆ ಕಣ್ಣಿಗೆ ಬದಲಿ ಇರಲಿಲ್ಲ. ನಮ್ಮ ಕರ್ನಾಟಕದಲ್ಲಿ 2020ರ ಆಗಸ್ಟ್‌ನಲ್ಲಿ ಮೇಷ್ಟ್ರುಗಳೇ ಮಕ್ಕಳಿರುವ ಕಡೆಗೆ ಹೋಗಿ ಕಲಿಸುವ ವಿದ್ಯಾಗಮ ಆರಂಭವಾಯಿತು. ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ಅದನ್ನೂ ನಿಲ್ಲಿಸಬೇಕಾಯಿತು. ಒಂದನೇ ತರಗತಿಯಿಂದ ಐದನೇ ತರಗತಿಯ ಮಕ್ಕಳು ಮತ್ತೆ ಶಾಲೆಯ ಮೆಟ್ಟಿಲು ಹತ್ತಿದ್ದು 2021ರ ಅಕ್ಟೋಬರ್ 25ರಂದು. ಆಂಧ್ರಪ್ರದೇಶದಲ್ಲಿ ಎರಡನೇ ಅಲೆಯ ನಂತರ ಶಾಲೆಗಳು ತೆರೆದದ್ದು 2021ರ ಆಗಸ್ಟ್ 16ರಂದು.

ಇನ್ನು ಬಾಲಮಂದಿರ, ಅನಾಥಾಶ್ರಮಗಳಲ್ಲಿದ್ದ ಮಕ್ಕಳು. ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ 2020ರ ಸೆಪ್ಟೆಂಬರ್‌ನಲ್ಲಿ ಎಂಟು ರಾಜ್ಯಗಳಿಗೆ ಪತ್ರ ಬರೆದು, ಇಂಥ ಮಕ್ಕಳನ್ನು 100 ದಿನಗಳಲ್ಲಿ ಮನೆಗೆ ಸೇರಿಸಿ ಎಂದಿತು. ಆ ಎಂಟರಲ್ಲಿ ಆಂಧ್ರವೂ ಇತ್ತು, ಕರ್ನಾಟಕವೂ ಇತ್ತು. ಮಗು ಮನೆಯಲ್ಲಿ ಬೆಳೆಯಬೇಕು ಎಂಬ ಮಾತು ಸರಿಯೇ. ಆದರೆ ಆಗ ಆ ಮನೆಗಳಲ್ಲಿ ಕೂಲಿ ಇರಲಿಲ್ಲ. ಬಹಳಷ್ಟು ಮಕ್ಕಳು ಆಶ್ರಮ ಸೇರಿದ್ದೇ ಬಡತನದಿಂದ. ಹಾಗೆ ಮನೆಗೆ ಮರಳಿದ ಮಕ್ಕಳ ಓದಿಗೆ ತಿಂಗಳಿಗೆ 2,000 ರೂಪಾಯಿ ಕೊಡಬೇಕು ಎಂದು ಸುಪ್ರೀಂ ಕೋರ್ಟ್ ಆ ವರ್ಷದ ಡಿಸೆಂಬರ್‌ನಲ್ಲಿ ಹೇಳಿತು. ಮಗುವನ್ನು ಮನೆಗೆ ಕಳಿಸಿದರೆ ಸಾಲದು, ಮನೆಯ ಕೈಯನ್ನೂ ಹಿಡಿಯಬೇಕು ಎಂಬುದು ಆ ಮಾತಿನ ಅರ್ಥ.

2021ರ ಏಪ್ರಿಲ್, ಮೇ ತಿಂಗಳ ಎರಡನೇ ಅಲೆ ನಿಮಗೆಲ್ಲ ಗೊತ್ತೇ ಇದೆ. ತಂದೆತಾಯಿ ಇಬ್ಬರನ್ನೂ ಕಳೆದುಕೊಂಡ ಮಕ್ಕಳ ಸುದ್ದಿ ಬರತೊಡಗಿದಾಗ ಸರ್ಕಾರಗಳು ಬೇಗನೆ ಮುಂದೆ ಬಂದವು. ಆಂಧ್ರ ಸರ್ಕಾರ ಅಂಥ ಮಗುವಿನ ಹೆಸರಿನಲ್ಲಿ 10 ಲಕ್ಷ ರೂಪಾಯಿ ಠೇವಣಿ ಇಡುವುದಾಗಿ ಪ್ರಕಟಿಸಿತು. ಕರ್ನಾಟಕದಲ್ಲಿ ಮುಖ್ಯಮಂತ್ರಿ ಬಾಲ ಸೇವಾ ಯೋಜನೆ ಬಂತು; ತಿಂಗಳಿಗೆ 3,500 ರೂಪಾಯಿ. ಅದೇ ಮೇ 29ರಂದು ಕೇಂದ್ರದಿಂದ ಪಿಎಂ ಕೇರ್ಸ್ ಮಕ್ಕಳ ಯೋಜನೆ. 23 ವರ್ಷ ತುಂಬಿದಾಗ 10 ಲಕ್ಷ. ಇವೆಲ್ಲ ಒಳ್ಳೆಯ ಕೆಲಸಗಳೇ.

ಈಗ ಒಂದು ಲೆಕ್ಕ ಕೇಳಿ. ಮಕ್ಕಳ ಹಕ್ಕುಗಳ ಆಯೋಗ 2022ರ ಜನವರಿಯಲ್ಲಿ ಸುಪ್ರೀಂ ಕೋರ್ಟಿಗೆ ಕೊಟ್ಟ ಲೆಕ್ಕ ಇದು. 2020ರ ಏಪ್ರಿಲ್‌ನಿಂದ ಆವರೆಗೆ, ಕೋವಿಡ್‌ನಿಂದಲೋ ಬೇರೆ ಕಾರಣದಿಂದಲೋ, ತಂದೆ ಅಥವಾ ತಾಯಿ ಅಥವಾ ಇಬ್ಬರನ್ನೂ ಕಳೆದುಕೊಂಡ ಮಕ್ಕಳು ದೇಶದಲ್ಲಿ 1,47,492. ಆಂಧ್ರಪ್ರದೇಶದಲ್ಲೇ 8,760. ಒಟ್ಟು ಮಕ್ಕಳಲ್ಲಿ ಇಬ್ಬರನ್ನೂ ಕಳೆದುಕೊಂಡವರು 10,094. ಒಬ್ಬರನ್ನು ಕಳೆದುಕೊಂಡವರು 1,36,910. ಅಂದರೆ ದೊಡ್ಡ ಯೋಜನೆಗಳು ಯಾರನ್ನು ಮನಸ್ಸಿನಲ್ಲಿಟ್ಟುಕೊಂಡು ಬಂದವೋ ಆ ಪ್ರತಿ ಒಂದು ಮಗುವಿಗೆ ಹದಿಮೂರಕ್ಕೂ ಹೆಚ್ಚು ಮಕ್ಕಳು ಆ ಬಾಗಿಲಿನ ಹೊರಗೇ ನಿಂತರು.

ಈ ಮಕ್ಕಳಿಗೆ ತಾಯಿ ಇದ್ದಾಳಲ್ಲ ಎನ್ನಬಹುದು. ಇದ್ದಾಳೆ. ಅನಕಾಪಲ್ಲಿಯ ಕಡೆ ಆಲೆಮನೆಯಲ್ಲಿ ಕೂಲಿ ಮಾಡುವ ಒಂದು ಸಂಸಾರವನ್ನು, ಇಲ್ಲವೇ ವಿಜಯವಾಡದ ಒಬ್ಬ ಆಟೋ ಚಾಲಕನ ಮನೆಯನ್ನು ಊಹಿಸಿಕೊಳ್ಳಿ. ಗಂಡ ಹೋದ. ಆಸ್ಪತ್ರೆಯ ಸಾಲ ಉಳಿಯಿತು. ತಾಯಿ ಬೆಳಗ್ಗೆ ಕೆಲಸಕ್ಕೆ ಹೋದರೆ ಬರುವುದು ಸಂಜೆಗೆ. ಹನ್ನೆರಡು ವರ್ಷದ ಮಗಳು ತಮ್ಮನನ್ನು ನೋಡಿಕೊಳ್ಳಲು ಮನೆಯಲ್ಲಿ ಉಳಿಯುತ್ತಾಳೆ. ದೊಡ್ಡ ಮಗ ಗ್ಯಾರೇಜು ಸೇರುತ್ತಾನೆ. ಆಯೋಗದ ಲೆಕ್ಕದಲ್ಲಿ ಅತಿ ಹೆಚ್ಚು ಮಕ್ಕಳು, 59,010 ಮಂದಿ, 8ರಿಂದ 13 ವರ್ಷದವರು. ಶಾಲೆ ಬಿಡುವುದಕ್ಕೂ ದುಡಿಮೆಗೆ ಬೀಳುವುದಕ್ಕೂ ಅದೇ ವಯಸ್ಸು. ಮನೆಯಲ್ಲಿ ಯಾರಿಗೂ ಕೆಟ್ಟ ಮನಸ್ಸಿಲ್ಲ. ಆದರೂ ಮಗುವಿನ ಓದು ಹೋಗುತ್ತದೆ.

ಕೋವಿಡ್‌ನಿಂದ ಸತ್ತವರ ಕುಟುಂಬಕ್ಕೆ 50,000 ರೂಪಾಯಿ ಪರಿಹಾರ ಕೊಡಬೇಕೆಂದು 2021ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿತು. ಅದು ಒಮ್ಮೆ ಕೈಗೆ ಬಂದು ಸಾಲಕ್ಕೆ ಹೋಗುವ ಹಣ. ಪರೀಕ್ಷೆಯನ್ನೇ ಮಾಡಿಸದೆ ಮನೆಯಲ್ಲೇ ಸತ್ತವರ ಕುಟುಂಬಕ್ಕೆ ಕಾಗದಪತ್ರ ಹೊಂದಿಸುವುದೇ ಒಂದು ಪಾಡು. ಮಗುವಿಗೆ ಬೇಕಾದದ್ದು ಹದಿನೆಂಟು ತುಂಬುವವರೆಗೆ ತಿಂಗಳು ತಿಂಗಳು ಬರುವ ಆಸರೆ.

ಅಂಥದೊಂದು ಆಸರೆ ಇದೆ. ಅದನ್ನು ಹೇಳುವುದಕ್ಕಾಗಿಯೇ ಈ ಮಾತು. ಮಿಷನ್ ವಾತ್ಸಲ್ಯ ಎಂಬ ಯೋಜನೆಯ ಮಾರ್ಗಸೂಚಿ 2022ರಲ್ಲಿ ಬಂತು. ಅದರ ಪ್ರಾಯೋಜಕತ್ವ ಎಂಬ ಭಾಗದಲ್ಲಿ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಸಿಗುತ್ತದೆ. ವಿಧವೆಯ ಮಕ್ಕಳು, ಗಂಡ ಬಿಟ್ಟುಹೋದ ತಾಯಿಯ ಮಕ್ಕಳು, ಅಜ್ಜ ಅಜ್ಜಿಯ ಬಳಿ ಬೆಳೆಯುವ ಅನಾಥ ಮಕ್ಕಳು ಇದರಲ್ಲಿ ಬರುತ್ತಾರೆ. ಕುಟುಂಬದ ವರ್ಷದ ಆದಾಯ ಹಳ್ಳಿಯಲ್ಲಿ 72,000, ಪಟ್ಟಣದಲ್ಲಿ 96,000 ರೂಪಾಯಿ ಮೀರಬಾರದು. ಸಾವು ಕೋವಿಡ್‌ನಿಂದಲೇ ಆಗಿರಬೇಕೆಂದಿಲ್ಲ. ಅರ್ಜಿ ಕೊಡುವುದು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. 2022ರ ಏಪ್ರಿಲ್ 4ರಂದು ಅನಕಾಪಲ್ಲಿ ಪ್ರತ್ಯೇಕ ಜಿಲ್ಲೆಯಾಯಿತು. ವಿಜಯವಾಡ ಎನ್‌ಟಿಆರ್ ಜಿಲ್ಲೆಯ ಕೇಂದ್ರವಾಯಿತು. ಕಲೆಕ್ಟರ್ ಕಚೇರಿಯ ಕೆಲಸಕ್ಕೆ ಅನಕಾಪಲ್ಲಿಯವರು ವಿಶಾಖಪಟ್ಟಣಕ್ಕೆ ಓಡಬೇಕಾಗಿದ್ದ ಕಾಲ ಮುಗಿಯಿತು.

ಆದರೆ ಯೋಜನೆ ಕಾಗದದ ಮೇಲಿದ್ದರೆ ಸಾಲದು, ತಾಯಿಗೆ ಗೊತ್ತಾಗಬೇಕು. ದಿನಗೂಲಿ ಬಿಟ್ಟು ಕಚೇರಿ ಅಲೆಯಲು ಆಕೆಗೆ ಆಗದು. ಇಲ್ಲಿ ನಮ್ಮಂಥವರ ಪಾಲಿನ ಕೆಲಸವಿದೆ. ನಿಮ್ಮ ಮನೆಗೆಲಸಕ್ಕೆ ಬರುವಾಕೆ, ಅಪಾರ್ಟ್‌ಮೆಂಟಿನ ಕಾವಲುಗಾರನ ಸಂಸಾರ, ಪಕ್ಕದ ಬೀದಿಯ ಇಸ್ತ್ರಿ ಅಂಗಡಿ. ಇಂಥ ಕಡೆ ತಂದೆಯೋ ತಾಯಿಯೋ ಇಲ್ಲದ ಮಗು ಇದ್ದರೆ ಒಮ್ಮೆ ಕೇಳಿ. ಮರಣ ಪ್ರಮಾಣಪತ್ರ, ಆದಾಯ ಪತ್ರ, ಆಧಾರ್, ಶಾಲೆಯ ದಾಖಲೆ ಜೋಡಿಸಿಕೊಡಿ, ಒಂದು ದಿನ ಜೊತೆಗೆ ಹೋಗಿ. ನಾವು ಕನ್ನಡದವರು, ತೆಲುಗು ಓದಲು ಬರದು ಎಂಬ ಸಂಕೋಚ ಬೇಡ. ಕಚೇರಿಯಲ್ಲಿ ಜೊತೆಗೊಬ್ಬರು ನಿಂತಿದ್ದಾರೆ ಎಂಬುದೇ ಆಕೆಗೆ ದೊಡ್ಡ ಬಲ. ಮಗು ಅಪಾಯದಲ್ಲಿದೆ, ದುಡಿಮೆಗೆ ಹಚ್ಚಿದ್ದಾರೆ, ಬಾಲ್ಯವಿವಾಹ ನಡೆಯಲಿದೆ ಎಂದು ತಿಳಿದರೆ 1098ಕ್ಕೆ ಫೋನ್ ಮಾಡಿ. ಹಗಲಿರುಳೂ ಸಿಗುವ ಉಚಿತ ಸಂಖ್ಯೆ ಅದು.

2021ರಲ್ಲಿ ಎಂಟು ವರ್ಷವಾಗಿದ್ದ ಮಗುವಿಗೆ ಇನ್ನೂ ಹದಿನೆಂಟು ತುಂಬಿಲ್ಲ. ಹುಡುಕಲು ಈಗಲೂ ಸಮಯವಿದೆ.