ಹಣವೂ ಉಳಿಯಲಿ, ಹೊತ್ತೂ ಉಳಿಯಲಿ

(ಸಂಜೆಯ ಕಲಿಕಾ ಕೇಂದ್ರದಲ್ಲಿ ಮಾಡಿದ ಭಾಷಣ)



ಇಲ್ಲಿ ರಾಬರ್ಟ್‌ಸನ್‌ಪೇಟೆಯವರು ಇದ್ದೀರಿ. ಆಂಡರ್ಸನ್‌ಪೇಟೆಯವರು ಇದ್ದೀರಿ. ಬಂಗಾರಪೇಟೆಯಿಂದ ಬಂದವರೂ ಇದ್ದೀರಿ. ಮನೆಯಲ್ಲಿ ಕೆಲವರು ಕನ್ನಡ ಮಾತಾಡ್ತೀರಿ. ಕೆಲವರು ತಮಿಳು, ಕೆಲವರು ತೆಲುಗು, ಕೆಲವರು ಉರ್ದು. ಆದರೆ ಒಂದು ಮಾತು ಎಲ್ಲರ ಮನೆಯಲ್ಲೂ ಕೇಳಿಸುತ್ತೆ. "ದುಡ್ಡು ಸಾಲದು, ಹೊತ್ತೂ ಸಾಲದು." ಹೌದೋ ಅಲ್ಲವೋ?

ಇವತ್ತು ಈ ಎರಡರ ಲೆಕ್ಕ ಮಾಡೋಣ.

ನಮ್ಮ ಊರಿನ ಕಥೆ ನಿಮಗೆ ಗೊತ್ತು. 2001ರ ಫೆಬ್ರವರಿ 28ರಂದು ಚಿನ್ನದ ಗಣಿ ಮುಚ್ಚಿತು. ಸಾವಿರಾರು ಮನೆಗಳಿಗೆ ಬರುತ್ತಿದ್ದ ಸಂಬಳ ನಿಂತಿತು. ಕೆಲಸ ಹುಡುಕಿಕೊಂಡು ಜನ ಬೆಂಗಳೂರಿಗೆ ಓಡಾಡತೊಡಗಿದರು. ಇವತ್ತಿಗೂ ಓಡಾಡ್ತಾರೆ. ಮಾರಿಕುಪ್ಪಂ, ಚಾಂಪಿಯನ್, ಊರ್ಗಾಂ, ಕೋರಮಂಡಲ್ ಸ್ಟೇಷನ್‌ಗಳಲ್ಲಿ ಬೆಳಕು ಹರಿಯೋ ಮುಂಚೆ ಹೆಂಗಸರು ಬುತ್ತಿ ಹಿಡಿದು ನಿಂತಿರ್ತಾರೆ. ಬಂಗಾರಪೇಟೆಯಲ್ಲಿ ಇನ್ನಷ್ಟು ಜನ ಹತ್ತುತ್ತಾರೆ. ಆ ರೈಲು ಹಿಡಿಯಬೇಕಾದರೆ ಎಷ್ಟು ಹೊತ್ತಿಗೆ ಏಳಬೇಕು? ಅಡುಗೆ ಯಾವಾಗ? ನೀರು ಯಾವಾಗ? ಮಕ್ಕಳ ತಲೆ ಬಾಚೋದು ಯಾವಾಗ?

ಉಳಿತಾಯ ಅಂದರೆ ನಮಗೆ ಹಿರಿಯರು ಹೇಳಿಕೊಟ್ಟಿದ್ದಾರೆ. ಹಾಸಿಗೆ ಇದ್ದಷ್ಟು ಕಾಲು ಚಾಚು. ಒಳ್ಳೆ ಮಾತು. ಆದರೆ ನಾವು ರೂಪಾಯಿಯನ್ನು ಮಾತ್ರ ಎಣಿಸ್ತೀವಿ. ನಮ್ಮ ಗಂಟೆಗಳನ್ನು ಎಣಿಸೋದೇ ಇಲ್ಲ. ಹೆಂಗಸಿನ ಹೊತ್ತಿಗೆ ಬೆಲೆ ಇಲ್ಲವೇ?

ಗಣಿಗೆ ಒಂದು ನ್ಯಾಯ, ಅಡುಗೆಮನೆಗೆ ಒಂದು ನ್ಯಾಯ

1902ರಲ್ಲಿ ಶಿವನಸಮುದ್ರದಿಂದ ಕೋಲಾರ ಚಿನ್ನದ ಗಣಿಗೆ ಕರೆಂಟು ಬಂತು. ಸುಮಾರು 150 ಕಿಲೋಮೀಟರ್ ತಂತಿ ಎಳೆದರು. ಗಣಿಯ ಯಂತ್ರಗಳು ಆ ಕರೆಂಟಿನಲ್ಲಿ ಓಡಿದವು. ಕೆಲಸ ಹಗುರ ಮಾಡೋ ಯಂತ್ರ ತಂದದ್ದನ್ನು ಕಂಪನಿಯವರು ದುಂದು ಅನ್ನಲಿಲ್ಲ. ಅದನ್ನು ಲಾಭ ಅಂದರು.

ಆದರೆ ಮನೆಗೆ ಒಂದು ಮಿಕ್ಸಿ ತರೋಣ ಅಂದರೆ? "ಕಲ್ಲು ಇದೆಯಲ್ಲ, ಅಷ್ಟು ಸುಖ ಯಾಕೆ?" ಅಂತಾರೆ. ಬನ್ನಿ, ಈ ಮಿಕ್ಸಿಯ ಲೆಕ್ಕವನ್ನೇ ನೋಡೋಣ.

ಒಂದು ಮಿಕ್ಸಿಯ ಮೇಲೆ 500 ವ್ಯಾಟ್ ಅಂತ ಬರೆದಿದೆ ಅಂದುಕೊಳ್ಳಿ. 1000 ವ್ಯಾಟಿನ ಸಾಮಾನು 1 ಗಂಟೆ ಓಡಿದರೆ 1 ಯೂನಿಟ್. 500 ವ್ಯಾಟಿನದು 2 ಗಂಟೆ ಓಡಿದರೆ 1 ಯೂನಿಟ್. ದಿನಕ್ಕೆ 10 ನಿಮಿಷ ಓಡಿಸಿದರೆ 12 ದಿನಕ್ಕೆ 1 ಯೂನಿಟ್ ಆಯಿತು. ತಿಂಗಳಿಗೆ ಎರಡೂವರೆ ಯೂನಿಟ್.

ಈಗ ಹೊತ್ತಿನ ಲೆಕ್ಕ. ಕಲ್ಲಲ್ಲಿ ಅರೆಯೋಕೆ ಅರ್ಧ ಗಂಟೆ ಬೇಕು ಅಂತ ಇಟ್ಟುಕೊಳ್ಳಿ. ಮಿಕ್ಸಿಯಲ್ಲಿ 10 ನಿಮಿಷ. ದಿನಕ್ಕೆ 20 ನಿಮಿಷ ಉಳಿಯಿತು. ತಿಂಗಳಿಗೆ 600 ನಿಮಿಷ, ಅಂದರೆ 10 ಗಂಟೆ. ಎರಡೂವರೆ ಯೂನಿಟ್ ಕೊಟ್ಟರೆ 10 ಗಂಟೆ ನಿಮ್ಮ ಕೈಗೆ ಬಂತು. ಇದು ದುಂದೋ, ಲಾಭವೋ? ನೀವೇ ಹೇಳಿ.

ಸಾಲದ ಸುಖ ಸುಖವಲ್ಲ

ಹಾಗಂತ ಕಂಡದ್ದೆಲ್ಲ ಕೊಳ್ಳಿ ಅಂತ ನಾನು ಹೇಳ್ತಿಲ್ಲ. ಮಿಕ್ಸಿ ಒಳ್ಳೇದು. ಆದರೆ ಅದನ್ನು ಕೊಳ್ಳೋ ದಾರಿ ಒಳ್ಳೇದಿರಬೇಕು.

ಮಿಕ್ಸಿಗೆ 3000 ರೂಪಾಯಿ ಅಂದುಕೊಳ್ಳಿ. ತಿಂಗಳಿಗೆ 100ಕ್ಕೆ 5 ರೂಪಾಯಿ ಬಡ್ಡಿಯಂತೆ ಸಾಲ ತಂದಿರಿ. ತಿಂಗಳಿಗೆ 150 ರೂಪಾಯಿ ಬಡ್ಡಿ. ವರ್ಷಕ್ಕೆ 1800 ರೂಪಾಯಿ. ಬಡ್ಡಿ ಕಟ್ಟಿದ್ದಾಯಿತು, ಅಸಲು 3000 ಹಾಗೇ ಕೂತಿದೆ! ಅದೇ ತಿಂಗಳಿಗೆ 300 ರೂಪಾಯಿ ಸಂಘದಲ್ಲಿ ಕೂಡಿಟ್ಟರೆ 10 ತಿಂಗಳಿಗೆ 3000. ಮಿಕ್ಸಿ ನಿಮ್ಮದು, ಸಾಲ ಇಲ್ಲ.

ಅದಕ್ಕೇ ಮೊದಲು ಕೂಡಿಡಿ, ಆಮೇಲೆ ಕೊಳ್ಳಿ. ಕಂತಿನ ಕಾಗದಕ್ಕೆ ಸಹಿ ಹಾಕೋ ಮುಂಚೆ ಪೂರ್ತಿ ಓದಿ. ಎಷ್ಟು ಕಂತು, ಒಂದು ಕಂತಿಗೆ ಎಷ್ಟು, ಒಟ್ಟು ಎಷ್ಟಾಯಿತು ಅಂತ ಗುಣಿಸಿ ನೋಡಿ. ನಿನ್ನೆಯವರೆಗೆ ಹೆಬ್ಬೆಟ್ಟು ಒತ್ತುತ್ತಿದ್ದ ಕೈ ಇದು. ಇವತ್ತು ಲೆಕ್ಕ ಬರೆಯುತ್ತೆ. ಆ ಶಕ್ತಿಯನ್ನು ಉಪಯೋಗಿಸಿ.

ಪುಕ್ಕಟೆ ಬಸ್ಸೋ, ಪಾಸಿನ ರೈಲೋ?

2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಯಿತು. ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದೊಳಗೆ ಹೆಂಗಸರಿಗೆ ಟಿಕೆಟಿನ ಖರ್ಚಿಲ್ಲ. ರೈಲಿಗೆ ತಿಂಗಳ ಪಾಸು ಮಾಡಿಸಬೇಕು. ಹಾಗಾದರೆ ಬಸ್ಸೇ ಅಗ್ಗ ಅಲ್ಲವೇ?

ತಡೀರಿ. ನಿಮ್ಮ ಕೆಲಸ ಎಲ್ಲಿ? ವೈಟ್‌ಫೀಲ್ಡ್, ಕೃಷ್ಣರಾಜಪುರ, ದಂಡು ಸ್ಟೇಷನ್ ಹತ್ತಿರವಾದರೆ ರೈಲು ಇಳಿದು ಬೇಗ ಸೇರಬಹುದು. ಹೊಸಕೋಟೆ ಕಡೆಯಾದರೆ ಬಸ್ಸೇ ಅನುಕೂಲ ಆಗಬಹುದು. ಒಂದು ವಾರ ಬಸ್ಸಲ್ಲಿ ಹೋಗಿ, ಒಂದು ವಾರ ರೈಲಲ್ಲಿ ಹೋಗಿ. ಮನೆ ಬಿಟ್ಟ ಹೊತ್ತು, ಮನೆ ಸೇರಿದ ಹೊತ್ತು ಬರೆದಿಡಿ. ದಿನಕ್ಕೆ 1 ಗಂಟೆ ಉಳಿದರೆ 25 ದಿನದ ಕೆಲಸಕ್ಕೆ 25 ಗಂಟೆ. ಪಾಸಿನ ದುಡ್ಡನ್ನು ಆ 25 ಗಂಟೆಯ ಪಕ್ಕ ಇಟ್ಟು ನೋಡಿ. ಆಮೇಲೆ ತೀರ್ಮಾನ ಮಾಡಿ.

ಅಗ್ಗ ಅಂತ ತಂದದ್ದು ತಿಪ್ಪೆಗೆ

ಕೋಲಾರದ ಟೊಮ್ಯಾಟೊ ಮಂಡಿ ದೇಶಕ್ಕೇ ಹೆಸರುವಾಸಿ. ರೇಟು ಬಿದ್ದಾಗ ಒಂದು ಬಾಕ್ಸ್ ತರೋಣ ಅನಿಸುತ್ತೆ. ಆದರೆ ರಾತ್ರಿ 9 ಗಂಟೆಗೆ ಮನೆ ಸೇರೋ ಹೆಂಗಸು ಅಷ್ಟೂ ಟೊಮ್ಯಾಟೊವನ್ನು ಯಾವಾಗ ಗೊಜ್ಜು ಮಾಡ್ತಾಳೆ? ಅರ್ಧ ಕೊಳೆತರೆ ಅಗ್ಗ ಎಲ್ಲಿ ಬಂತು? ಅಕ್ಕಪಕ್ಕದ ನಾಲ್ಕು ಮನೆ ಸೇರಿ ಒಂದು ಬಾಕ್ಸ್ ತನ್ನಿ. ಹಂಚಿಕೊಳ್ಳಿ. ದುಡ್ಡೂ ಉಳಿಯಿತು, ಹಣ್ಣೂ ಕೆಡಲಿಲ್ಲ.

ಅಂಗಡಿಯಲ್ಲೂ ಇದೇ ಬುದ್ಧಿ ಬೇಕು. 100 ಗ್ರಾಂ ಪ್ಯಾಕೆಟ್ಟಿಗೆ 12 ರೂಪಾಯಿ, ಕಿಲೋ ಪ್ಯಾಕೆಟ್ಟಿಗೆ 100 ರೂಪಾಯಿ ಅಂದುಕೊಳ್ಳಿ. ಹತ್ತು ಸಣ್ಣ ಪ್ಯಾಕೆಟ್ಟಿಗೆ 120 ಆಯಿತು. ದೊಡ್ಡದೇ ಅಗ್ಗ. ಕೆಲವು ಸಾಮಾನಿನಲ್ಲಿ ಸಣ್ಣದೇ ಅಗ್ಗ ಇರುತ್ತೆ. ತೂಕ ಓದಿ, ಬೆಲೆ ಓದಿ, ತಾರೀಖು ಓದಿ.

ಗ್ಯಾಸ್ ಉಳಿಸೋಕೆ ಖರ್ಚೇ ಇಲ್ಲದ ದಾರಿಗಳಿವೆ. ಹುರುಳಿ, ಕಡಲೆ, ಒಣ ಅವರೆಯನ್ನು ರಾತ್ರಿಯೇ ನೆನೆಹಾಕಿ. ಬೆಳಗ್ಗೆ ಬೇಗ ಬೇಯುತ್ತೆ. ಪಾತ್ರೆಗೆ ಮುಚ್ಚಳ ಮುಚ್ಚಿ. ಕುಕ್ಕರ್ ಕೂಗಿದ ಮೇಲೆ ಉರಿ ಸಣ್ಣ ಮಾಡಿ. ಇದರಲ್ಲಿ ಹಣವೂ ಉಳಿಯಿತು, ಹೊತ್ತೂ ಉಳಿಯಿತು.

ಈ ಎರಡು ಉಳಿತಾಯ ಬೇಡವೇ ಬೇಡ

ಮೊದಲನೆಯದು, ನಿಮ್ಮ ಊಟದಲ್ಲಿ ಉಳಿತಾಯ. ಗಂಡನಿಗೆ ಬಡಿಸಿ, ಮಕ್ಕಳಿಗೆ ಬಡಿಸಿ, ತಳದಲ್ಲಿ ಉಳಿದದ್ದನ್ನು ತಾನು ತಿನ್ನೋದು. ಹಳಸಿದ್ದನ್ನು ಬಿಸಾಡೋಕೆ ಮನಸ್ಸಿಲ್ಲದೆ ನುಂಗೋದು. ಇದು ಉಳಿತಾಯ ಅಲ್ಲ. ಮೈಯಲ್ಲಿ ರಕ್ತ ಕಡಿಮೆ ಆಗುತ್ತೆ, ತಲೆ ಸುತ್ತುತ್ತೆ. ಒಂದು ದಿನ ಕೆಲಸಕ್ಕೆ ಹೋಗದಿದ್ದರೆ ಒಂದು ದಿನದ ಕೂಲಿ ಹೋಯಿತು. ಆಸ್ಪತ್ರೆ ಖರ್ಚು ಬೇರೆ. ರಾಗಿ ಮುದ್ದೆ, ಮಸ್ಸೊಪ್ಪು, ಕಾಳಿನ ಸಾರು ದುಬಾರಿ ಊಟ ಅಲ್ಲ. ನಿಮ್ಮ ತಟ್ಟೆಗೂ ಸರಿಯಾಗಿ ಹಾಕಿಕೊಳ್ಳಿ.

ಎರಡನೆಯದು, ಮಗಳ ಶಾಲೆಯಲ್ಲಿ ಉಳಿತಾಯ. "ಅಮ್ಮ ರೈಲಿಗೆ ಹೋಗ್ತಾಳೆ, ಮಗಳು ನೀರು ಹಿಡಿಯಲಿ, ತಮ್ಮನನ್ನು ನೋಡಿಕೊಳ್ಳಲಿ" ಅಂತ ಹುಡುಗಿಯನ್ನು ಶಾಲೆ ಬಿಡಿಸೋದು. ಕೂಲಿ ಕೊಡದೆ ಕೆಲಸ ಆಯಿತು ಅಂತ ಕಾಣಿಸುತ್ತೆ. ಆದರೆ ಇದಕ್ಕಿಂತ ದುಬಾರಿ ಉಳಿತಾಯ ಇನ್ನೊಂದಿಲ್ಲ. ಓದು ಬಾರದೆ ನೀವು ಪಟ್ಟ ಪಾಡು ಏನು? ಬಸ್ಸಿನ ಬೋರ್ಡು ಓದೋಕೆ ಯಾರನ್ನೋ ಕೇಳಬೇಕಿತ್ತು. ಆ ಪಾಡು ಮಗಳಿಗೆ ಬೇಡ.

ಹಾಗಾದರೆ ನೀರು ಯಾರು ಹಿಡೀಬೇಕು? ಮನೆಯಲ್ಲಿ ಇರೋ ಎಲ್ಲರೂ. ಮಗನಿಗೂ ಕೈ ಇದೆ. ಗಂಡನಿಗೂ ಕೈ ಇದೆ. ಒಬ್ಬರು ಸೊಪ್ಪು ಬಿಡಿಸಲಿ, ಒಬ್ಬರು ಬಟ್ಟೆ ಮಡಿಸಲಿ, ಒಬ್ಬರು ಕೊಡ ತುಂಬಿಸಲಿ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ಯಾವ ಮಿಕ್ಸಿಯೂ ಇಷ್ಟು ಹೊತ್ತು ಉಳಿಸಿಕೊಡೋದಿಲ್ಲ.

ಇನ್ನೊಂದು ಮಾತು. ತಿಂಗಳಿಗೊಂದು ಸಲ ಮನೆಯವರೆಲ್ಲ ಸೇರಿ ಬಂಗಾರಪೇಟೆ ಪಾನಿಪುರಿ ತಿಂದರೆ ಅದು ದುಂದಲ್ಲ. ಅವತ್ತು ರಾತ್ರಿ ಒಲೆಗೂ ರಜೆ, ನಿಮಗೂ ರಜೆ. ಲೆಕ್ಕದಲ್ಲಿ ಬರೆದಿಡಿ, ಸಾಕು.

ಮನೆಗೆ ಹೋಗಿ ಮಾಡಿ

ನೋಟ್ ಪುಸ್ತಕದಲ್ಲಿ ಗೆರೆ ಎಳೆದು ನಾಲ್ಕು ಸಾಲು ಮಾಡಿ. ಮೊದಲ ಸಾಲಿನಲ್ಲಿ ಕೆಲಸ. ಎರಡನೆಯದರಲ್ಲಿ ಹಣ ಎಷ್ಟು. ಮೂರನೆಯದರಲ್ಲಿ ಹೊತ್ತು ಎಷ್ಟು. ನಾಲ್ಕನೆಯದರಲ್ಲಿ ಮಾಡಿದವರು ಯಾರು. ಒಂದು ವಾರ ಬರೆಯಿರಿ. ನಾಲ್ಕನೆಯ ಸಾಲಿನಲ್ಲಿ ಬರೀ ನಿಮ್ಮ ಹೆಸರೇ ಇದ್ದರೆ ಆ ಪುಸ್ತಕವನ್ನು ಮನೆಯವರ ಮುಂದೆ ಇಡಿ. ಜಗಳ ಬೇಡ. ಓದಿ ಹೇಳಿ, ಅಷ್ಟೆ.

ಮುಂದಿನ ವಾರ ಪುಸ್ತಕ ತನ್ನಿ. ಎಲ್ಲರೂ ಕೂತು ನೋಡೋಣ.