ನೀರಿನಡಿಯ ಉಸಿರು: ಸ್ಕೂಬಾ ರೆಗ್ಯುಲೇಟರ್ ಆರಿಸುವ ಬಗೆ



ಕಳೆದ ಬೇಸಿಗೆಯ ಒಂದು ಸಂಜೆ ಕಲಘಟಗಿಯ ನಮ್ಮ ಮನೆಗೆ ಒಬ್ಬ ಬಿ.ಎಸ್‌ಸಿ. ವಿದ್ಯಾರ್ಥಿ ಬಂದ. ಹಿಂದಿನ ವರ್ಷ ಮುರ್ಡೇಶ್ವರಕ್ಕೆ ಹೋಗಿ, ನೇತ್ರಾಣಿ ದ್ವೀಪದ ಬಳಿ ಸಮುದ್ರದಲ್ಲಿ ಮುಳುಗುವ ತರಬೇತಿ ಮುಗಿಸಿಕೊಂಡು ಬಂದಿದ್ದ ಹುಡುಗ. "ಸರ್, ಹಳೇದೊಂದು ರೆಗ್ಯುಲೇಟರ್ ಅಗ್ಗಕ್ಕ ಸಿಗಾಕತ್ತೈತ್ರಿ, ತಗೊಳ್ಳಲೇನ್ರಿ?" ಎಂದು ಕೇಳಿದ. ಸಮುದ್ರವಿಲ್ಲದ ಊರಿನಲ್ಲಿ ಇದೆಂಥ ಪ್ರಶ್ನೆ ಎಂದು ನಿಮಗೆ ಅನಿಸಬಹುದು. ಆದರೆ ಬೇಡ್ತಿಯ ನೀರು ನಮ್ಮ ತಾಲೂಕನ್ನು ಹಾದು, ಘಟ್ಟ ಇಳಿದು, ಗಂಗಾವಳಿ ಎಂಬ ಹೆಸರಿನಿಂದ ಅಂಕೋಲೆಯ ಸೀಮೆಯಲ್ಲಿ ಅರಬ್ಬಿ ಸಮುದ್ರವನ್ನು ಸೇರುತ್ತದೆ. ನೀರು ಹೋದ ಕಡೆಗೆ ನಮ್ಮ ಹುಡುಗರೂ ಹೋಗುವುದರಲ್ಲಿ ಆಶ್ಚರ್ಯವೇನಿಲ್ಲ.

ಅವನಿಗೆ ನಾನು ಕೂಡಲೇ ಹೌದು ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಈ ಉಪಕರಣ ಮಾಡುವ ಕೆಲಸವೇನು ಎಂಬುದನ್ನು ಮೊದಲು ನೋಡೋಣ ಎಂದೆ. ನಾವೂ ಅಲ್ಲಿಂದಲೇ ಆರಂಭಿಸೋಣ.

ಕೆರೆ ಬಾವಿಗಳಲ್ಲಿ ಈಜು ಕಲಿತವರಲ್ಲಿ ಕೆಲವರಾದರೂ ಪಪ್ಪಾಯಿ ಎಲೆಯ ಟೊಳ್ಳು ದಂಟನ್ನು ಬಾಯಲ್ಲಿಟ್ಟುಕೊಂಡು ನೀರೊಳಗಿಂದ ಉಸಿರಾಡಲು ನೋಡಿರುತ್ತೀರಿ. ಗೇಣುದ್ದ ಇಳಿದರೆ ಹೇಗೋ ಸಾಗುತ್ತದೆ. ಮೂರು ನಾಲ್ಕು ಅಡಿ ಇಳಿದರೆ ಎಷ್ಟೇ ಉದ್ದದ ಕೊಳವೆ ಇದ್ದರೂ ಎದೆ ಏಳುವುದಿಲ್ಲ. ಕೊಳವೆಯ ಗಾಳಿ ಮೇಲಿನ ಒತ್ತಡದಲ್ಲಿಯೇ ಇರುತ್ತದೆ. ಎದೆಯ ಮೇಲಾದರೋ ನೀರಿನ ಭಾರವೂ ಕೂಡಿಕೊಂಡಿರುತ್ತದೆ. ಸಮುದ್ರದಲ್ಲಿ ಪ್ರತಿ 10 ಮೀಟರ್ ಆಳಕ್ಕೆ ಹೆಚ್ಚು ಕಡಿಮೆ ಒಂದು ವಾಯುಮಂಡಲದಷ್ಟು ಒತ್ತಡ ಏರುತ್ತದೆ. ಆದ್ದರಿಂದ ಮುಳುಗಿದವನಿಗೆ ಗಾಳಿ ಸಿಕ್ಕರೆ ಸಾಲದು, ಅವನ ಸುತ್ತಲಿನ ನೀರಿಗಿರುವಷ್ಟೇ ಒತ್ತಡದ ಗಾಳಿ ಸಿಗಬೇಕು. ಅದಕ್ಕಿಂತ ಕಡಿಮೆಯಾದರೆ ಎಳೆದುಕೊಳ್ಳಲಾಗದು, ತೀರ ಹೆಚ್ಚಾದರೆ ಶ್ವಾಸಕೋಶಕ್ಕೆ ಅಪಾಯ. ಬೆನ್ನಿಗೆ ಕಟ್ಟಿದ ಸಿಲಿಂಡರಿನಲ್ಲಿರುವುದೋ 200 ಬಾರ್ ಒತ್ತಡದ ಗಾಳಿ! ಇವೆರಡರ ನಡುವೆ ನಿಂತು, ಉಸಿರು ಒಳಗೆಳೆದಾಗ ಮಾತ್ರ, ಆ ಆಳಕ್ಕೆ ತಕ್ಕಷ್ಟೇ ಒತ್ತಡದಲ್ಲಿ ಗಾಳಿ ಬಿಡುವ ಸಾಧನವೇ ರೆಗ್ಯುಲೇಟರ್.

ಅಡಿಗೆಮನೆಯ ಗ್ಯಾಸ್ ಸಿಲಿಂಡರಿನ ಮೇಲೂ ಒಂದು ರೆಗ್ಯುಲೇಟರ್ ಇದೆ. ಅದೂ ಒತ್ತಡ ಇಳಿಸುತ್ತದೆ. ಈ ಹೋಲಿಕೆ ಬರಿಯ ಮಾತಿನದಲ್ಲ. ಎರಡನೆಯ ಮಹಾಯುದ್ಧದಲ್ಲಿ ಜರ್ಮನರ ವಶವಾಗಿದ್ದ ಫ್ರಾನ್ಸಿನಲ್ಲಿ ಪೆಟ್ರೋಲ್ ಸಿಗದೆ ಮೋಟಾರುಗಳನ್ನು ಗ್ಯಾಸಿನಿಂದ ಓಡಿಸಬೇಕಾಯಿತು. ಎಂಜಿನ್ನಿಗೆ ಬೇಕಾದಾಗ ಬೇಕಾದಷ್ಟೇ ಗ್ಯಾಸ್ ಬಿಡುವ ಒಂದು ಕವಾಟವನ್ನು ಎಮಿಲ್ ಗಾನ್ಯಾಂ ಎಂಬ ಎಂಜಿನಿಯರ್ ಸಿದ್ಧಪಡಿಸಿದ್ದ. ನೌಕಾಪಡೆಯ ಅಧಿಕಾರಿ ಜಾಕ್ ಕುಸ್ತೊ ಅದನ್ನು ಕಂಡು, ಎಂಜಿನ್ನಿನ ಜಾಗದಲ್ಲಿ ಮನುಷ್ಯನನ್ನು ಇಟ್ಟರೆ ಹೇಗೆ ಎಂದು ಯೋಚಿಸಿದ. 1943ರಲ್ಲಿ ಇಬ್ಬರೂ ಸೇರಿ ರೂಪಿಸಿದ 'ಆಕ್ವಾ-ಲಂಗ್' ಇಂದಿನ ಸ್ಕೂಬಾ ಸಾಧನಗಳ ಮೂಲ. ಆ ದಿನಗಳಲ್ಲಿ ನಮ್ಮ ದೇಶದಲ್ಲಿಯೂ ಇದ್ದಿಲು ಗ್ಯಾಸಿನ ಬಸ್ಸುಗಳು ಓಡಿದ್ದುಂಟು. ಆದರೆ ಅವನ್ನು ನೋಡಿ ಸಮುದ್ರದ ತಳ ನೆನೆದವರು ಇಲ್ಲಿ ಯಾರೂ ಇದ್ದಂತಿಲ್ಲ.

ಇಂದಿನ ರೆಗ್ಯುಲೇಟರಿಗೆ ಎರಡು ಹಂತಗಳಿವೆ. ಮೊದಲ ಹಂತ ಸಿಲಿಂಡರಿನ ಬಾಯಿಗೆ ಕೂಡುತ್ತದೆ. ಅದು 200 ಬಾರ್ ಒತ್ತಡವನ್ನು, ಸುತ್ತಲಿನ ನೀರಿನ ಒತ್ತಡಕ್ಕಿಂತ ಸುಮಾರು 9-10 ಬಾರ್ ಹೆಚ್ಚಿಗೆ ಎಂಬ ಮಟ್ಟಕ್ಕೆ ಇಳಿಸುತ್ತದೆ. ಬಾಯಲ್ಲಿ ಕಚ್ಚಿಕೊಳ್ಳುವ ಎರಡನೆಯ ಹಂತ ಉಳಿದದ್ದನ್ನು ಇಳಿಸುತ್ತದೆ. ಅದರೊಳಗೆ ಒಂದು ತೆಳು ರಬ್ಬರಿನ ಪೊರೆ. ಉಸಿರೆಳೆದರೆ ಪೊರೆ ಒಳಬಾಗಿ ಒಂದು ಸನ್ನೆಯನ್ನು ಒತ್ತುತ್ತದೆ, ಕವಾಟ ತೆರೆಯುತ್ತದೆ. ಈ ಕವಾಟವನ್ನು ಸಾಮಾನ್ಯವಾಗಿ ಗಾಳಿಯ ಹರಿವಿನ ದಿಕ್ಕಿಗೇ ತೆರೆಯುವಂತೆ ಇಟ್ಟಿರುತ್ತಾರೆ. ಮೊದಲ ಹಂತ ಕೆಟ್ಟು ಒತ್ತಡ ಏರಿದರೆ ಗಾಳಿ ನಿಲ್ಲುವುದಿಲ್ಲ, ಭೋರೆಂದು ಸುರಿಯತೊಡಗುತ್ತದೆ. ಹೆದರಿಕೆಯ ಸಂಗತಿ ನಿಜ, ಆದರೂ ಗಾಳಿ ಸುರಿಯುತ್ತಿದ್ದರೆ ಮೇಲೆ ಬರುವವರೆಗೆ ಉಸಿರಾಡಬಹುದು.

ಇನ್ನು ಆಯ್ಕೆಯ ಮಾತು. ಅಂಗಡಿಯವರು ಹೇಳುವ ಮೊದಲ ಶಬ್ದ 'ಬ್ಯಾಲೆನ್ಸ್ಡ್'. ಬ್ಯಾಲೆನ್ಸ್ ಇಲ್ಲದ ಸಾದಾ ಮೊದಲ ಹಂತದಲ್ಲಿ, ಸಿಲಿಂಡರ್ ಬರಿದಾಗುತ್ತ ಬಂದಂತೆ ಉಸಿರೆಳೆಯುವುದು ತುಸು ಬಿಗಿಯಾಗುತ್ತದೆ. ಬ್ಯಾಲೆನ್ಸ್ ಇರುವುದರಲ್ಲಿ ಕೊನೆಯವರೆಗೂ ಒಂದೇ ಸಮ. ಇದರ ಬೆಲೆ ಎಲ್ಲಿ ತಿಳಿಯುತ್ತದೆಂದರೆ, 30 ಮೀಟರ್ ಆಳದಲ್ಲಿ ಗಾಳಿ ನಾಲ್ಕು ಪಟ್ಟು ಸಾಂದ್ರವಾಗಿರುವಾಗ, ಜೊತೆಗಾರನ ಗಾಳಿ ಮುಗಿದು ಅವನೂ ನಿಮ್ಮ ಸಿಲಿಂಡರಿನಿಂದಲೇ ಎಳೆಯುತ್ತಿರುವಾಗ. ಆರಂಭದ ತರಬೇತಿ ಪಡೆದವನ ಮಿತಿ 18 ಮೀಟರ್. ಅಲ್ಲಿ ಸಾದಾ ಪಿಸ್ಟನ್ ರೆಗ್ಯುಲೇಟರ್ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಅದರಲ್ಲಿ ಚಲಿಸುವ ಭಾಗಗಳೂ ಕಡಿಮೆ, ರಿಪೇರಿಯೂ ಸುಲಭ. ಮುಂದೆ ಆಳಕ್ಕೆ ಇಳಿಯುವ ಮನಸ್ಸಿದ್ದರೆ ಬ್ಯಾಲೆನ್ಸ್ಡ್ ಕೊಳ್ಳುವುದು ಲೇಸು. ಡಯಾಫ್ರಂ ಮಾದರಿಯಲ್ಲಿ ಉಪ್ಪುನೀರು, ಮರಳು, ಕೆಸರು ಯಂತ್ರದ ಒಳಭಾಗಕ್ಕೆ ಹೋಗುವುದು ಕಡಿಮೆ. ನಮ್ಮ ಕರಾವಳಿಯ ಕದಡಿದ ನೀರಿಗೆ ನನ್ನ ಒಲವು ಅದರ ಕಡೆಗೆ.

ಎರಡನೆಯ ಶಬ್ದ, ಚಳಿನೀರಿನ ರಕ್ಷಣೆ. ಒತ್ತಡ ಥಟ್ಟನೆ ಇಳಿದಾಗ ಗಾಳಿ ತಣ್ಣಗಾಗುತ್ತದೆ. ಯುರೋಪಿನ ಕೆರೆಗಳಂತಹ 10 ಡಿಗ್ರಿಗಿಂತ ತಣ್ಣನೆಯ ನೀರಿನಲ್ಲಿ ರೆಗ್ಯುಲೇಟರಿಗೆ ಹಿಮ ಕಟ್ಟಬಹುದು. ನೇತ್ರಾಣಿಯಲ್ಲಿ ಆ ಭಯವಿಲ್ಲ. ಅದಕ್ಕಾಗಿ ಹೆಚ್ಚಿಗೆ ಹಣ ಕೊಡುವುದು ಕಲಘಟಗಿಯ ಬಿಸಿಲಿಗೆ ಉಣ್ಣೆಯ ಕೋಟು ಹೊಲಿಸಿದಂತೆ.

ಜೋಡಣೆಯನ್ನು ಮರೆಯಬೇಡಿ. ಸಿಲಿಂಡರಿಗೆ ಸ್ಕ್ರೂವಿನಂತೆ ತಿರುಗಿಸಿ ಕೂಡಿಸುವ 'ಡಿನ್' ಹೆಚ್ಚು ಭದ್ರ. ಮೇಲಿನಿಂದ ಹಿಡಿಯುವ 'ಯೋಕ್' ಹೆಚ್ಚು ಬಳಕೆಯದು. ನಾವು ಸಿಲಿಂಡರನ್ನು ಬಾಡಿಗೆಗೆ ಪಡೆಯುವವರು. ನೀವು ಹೋಗುವ ಕಡೆ ಯಾವುದಿದೆ ಎಂದು ಒಂದು ಫೋನ್ ಮಾಡಿ ಕೇಳಿದರೆ ಮುಗಿಯಿತು.

ಇವೆಲ್ಲಕ್ಕಿಂತ ದೊಡ್ಡ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಇದನ್ನು ಬಿಚ್ಚಿ ಸರಿಮಾಡುವವರು ಎಷ್ಟು ದೂರದಲ್ಲಿದ್ದಾರೆ? ಇದರ ರಬ್ಬರ್ ಉಂಗುರಗಳು, ಕವಾಟದ ಗದ್ದಿಗೆ ಸಿಗುತ್ತವೆಯೆ? ತಯಾರಕರು ಹೇಳಿದ ಅವಧಿಗೆ, ಅಂದರೆ ಸಾಮಾನ್ಯವಾಗಿ ವರ್ಷಕ್ಕೊಮ್ಮೆ ಇಲ್ಲವೆ ಎರಡು ವರ್ಷಕ್ಕೊಮ್ಮೆ, ಇದನ್ನು ತಿಳಿದವರಿಂದ ಬಿಚ್ಚಿಸಿ ನೋಡಿಸಬೇಕು. ನಮ್ಮಲ್ಲಿ ಪಂಪ್‌ಸೆಟ್ ಕೊಳ್ಳುವ ರೈತ ಬಿಡಿಭಾಗ ಹುಬ್ಬಳ್ಳಿಯಲ್ಲಿ ಸಿಗುತ್ತದೆಯೇ ಎಂದು ಮೊದಲು ವಿಚಾರಿಸುತ್ತಾನೆ. ಪಂಪ್ ಕೆಟ್ಟರೆ ಬೆಳೆ ಒಣಗೀತು. ಇಲ್ಲಿ ಕೆಡುವುದು ಉಸಿರಿನ ಯಂತ್ರ.

ಒಂದು ಸಣ್ಣ ಲೆಕ್ಕ ಮಾಡಿ. 11 ಲೀಟರಿನ ಸಿಲಿಂಡರಿನಲ್ಲಿ 200 ಬಾರ್ ಗಾಳಿ ಎಂದರೆ ಸುಮಾರು 2,200 ಲೀಟರ್. ಅದರಲ್ಲಿ 50 ಬಾರ್ ಆಪತ್ತಿಗೆಂದು ತೆಗೆದಿಟ್ಟರೆ ಉಳಿಯುವುದು 1,650. ನಿಮಿಷಕ್ಕೆ 20 ಲೀಟರ್ ಉಸಿರಾಡುವವನಿಗೆ 20 ಮೀಟರ್ ಆಳದಲ್ಲಿ ಅದರ ಮೂರು ಪಟ್ಟು, ಅಂದರೆ 60 ಲೀಟರ್ ಬೇಕು. ಆ ಗಾಳಿ ಬರುವುದು ಇಪ್ಪತ್ತೇಳು ನಿಮಿಷ. ಎಷ್ಟು ದುಬಾರಿಯ ರೆಗ್ಯುಲೇಟರ್ ಕೊಂಡರೂ ಈ ಲೆಕ್ಕ ಬದಲಾಗದು. ಮೇಲೇರುವಾಗ ಉಸಿರು ಬಿಗಿ ಹಿಡಿದವನನ್ನೂ ಅದು ಕಾಯಲಾರದು: 10 ಮೀಟರಿನಲ್ಲಿ ತುಂಬಿದ ಶ್ವಾಸಕೋಶದ ಗಾಳಿ ಮೇಲೆ ಬರುವಷ್ಟರಲ್ಲಿ ಎರಡು ಪಟ್ಟು ಹಿಗ್ಗಲು ನೋಡುತ್ತದೆ. 2024ರ ಜುಲೈಯಲ್ಲಿ ಶಿರೂರಿನ ಗುಡ್ಡ ಕುಸಿದು ಲಾರಿಯೊಂದು ಇದೇ ಗಂಗಾವಳಿಯಲ್ಲಿ ಮುಳುಗಿದಾಗ, ನೌಕಾಪಡೆಯ ನುರಿತ ಮುಳುಗುಗಾರರು ಸಲಕರಣೆಗಳೊಡನೆ ಬಂದಿದ್ದರೂ ನದಿಯ ಸೆಳೆತದ ಮುಂದೆ ಕಾದು ನಿಲ್ಲಬೇಕಾಯಿತು. ಲಾರಿ ಸಿಕ್ಕಿದ್ದು ಸೆಪ್ಟೆಂಬರಿನಲ್ಲಿ.

ನಮ್ಮ ಹುಡುಗನ ಕಡೆಗೆ ಮರಳೋಣ. "ತಮ್ಮಾ, ರೊಕ್ಕ ಕೊಡೂಕಿಂತ ಮೊದಲ ಅದನ್ನ ಒಮ್ಮೆ ತಗೊಂಡು ಬಾ, ನೋಡೂಣು" ಎಂದೆ. ವಾರದ ನಂತರ ತಂದ. ನೋಡಲು ಫಳಫಳ ಹೊಳೆಯುತ್ತಿತ್ತು. ಸಿಲಿಂಡರಿಗೆ ಜೋಡಿಸದೆಯೇ, ಮೊದಲ ಹಂತದ ಬಾಯಿಗೆ ಅದರ ಮುಚ್ಚಳವನ್ನು ಬಿಗಿದು, ಬಾಯಲ್ಲಿಟ್ಟು ಮೆಲ್ಲಗೆ ಎಳೆಯಲು ಹೇಳಿದೆ. ಸರಿಯಿದ್ದರೆ ಏನೂ ಬರಬಾರದು. ಅವನಿಗೆ ಸಣ್ಣಗೆ ಗಾಳಿ ಬಂತು. ಅಂದರೆ ಎಲ್ಲಿಯೋ ಸೀಳಿದೆ. ನೀರಿನಲ್ಲಾದರೆ ಅದೇ ದಾರಿಯಿಂದ ಬಾಯಿಗೆ ನೀರು ಬರುತ್ತದೆ. ಆಮೇಲೆ ಮುಚ್ಚಳ ತೆಗೆದು ಗಾಳಿ ಒಳಹೋಗುವ ಕಡೆಯ ಪುಟ್ಟ ಲೋಹದ ಜಾಲರಿಯನ್ನು ಬೆಳಕಿಗೆ ಹಿಡಿದೆವು. ಹಸಿರುಗಟ್ಟಿತ್ತು. ಯಾವಾಗಲೋ ಮುಚ್ಚಳ ಹಾಕದೆ ತೊಳೆದು, ಒಳಗೆ ನೀರು ಹೊಕ್ಕ ಗುರುತು ಅದು. ಬಿಡಿಭಾಗಗಳಿಗಾಗಿ ವಿಚಾರಿಸಿದರೆ, ಆ ಮಾದರಿಯವು ಬರುವುದು ನಿಂತು ಬಹಳ ಕಾಲವಾಗಿತ್ತು.

ಅದನ್ನು ಅವನು ಮರಳಿ ಕೊಟ್ಟ. ಮಳೆಗಾಲ ಕಳೆದು ದೋಣಿಗಳು ಮತ್ತೆ ನೇತ್ರಾಣಿಗೆ ಹೊರಡುವ ಹೊತ್ತಿಗೆ ತನ್ನ ಮುಖಕ್ಕೆ ಸರಿಯಾಗಿ ಕೂಡುವ ಒಂದು ಮಾಸ್ಕ್ ಮಾತ್ರ ಕೊಂಡಿದ್ದ. ಈ ವರ್ಷವೂ ರೆಗ್ಯುಲೇಟರ್ ಬಾಡಿಗೆಯದೇ. ಆದರೆ ಈಗ ಅದನ್ನು ಕೈಗೆ ಕೊಟ್ಟ ಕೂಡಲೇ ಬಾಯಿಗಿಟ್ಟುಕೊಳ್ಳುವುದಿಲ್ಲ. ಸಿಲಿಂಡರಿನ ಕವಾಟ ತೆರೆದು, ಒತ್ತಡದ ಮುಳ್ಳಿನ ಮೇಲೆ ಕಣ್ಣಿಟ್ಟು ನಾಲ್ಕು ಸಲ ಉಸಿರೆಳೆಯುತ್ತಾನಂತೆ. ಮುಳ್ಳು ಅಲುಗಾಡಿದರೆ ಕವಾಟ ಪೂರ್ತಿ ತೆರೆದಿಲ್ಲ ಎಂದು ದೋಣಿಯವರಿಗೆ ಹೇಳುತ್ತಾನಂತೆ.