ಗವಾಯಿಗಳ ಹಾಡು, ಆಶ್ರಮದ ಅನ್ನ

(ಕಾಲೇಜೊಂದರ ಸಾಂಸ್ಕೃತಿಕ ಸಂಘದಲ್ಲಿ ಮಾಡಿದ ಭಾಷಣದ ಬರಹರೂಪ)



ಕಲೆ, ನಿಸ್ವಾರ್ಥ ಪ್ರೀತಿ, ಸಾರ್ಥಕ ಬದುಕು ಕುರಿತು ಮಾತಾಡಬೇಕೆಂದು ನಿಮ್ಮ ಸಂಘದವರು ಕೇಳಿದ್ದಾರೆ. ವರದಿಗಾರನಿಗೆ ಇಷ್ಟು ದೊಡ್ಡ ಮಾತುಗಳು ಒಗ್ಗುವುದಿಲ್ಲ. ನಮಗೆ ಊರು ಬೇಕು, ಹೆಸರು ಬೇಕು, ಖರ್ಚು ಹೇಗೆ ತೂಗಿತು ಎಂಬುದೂ ಬೇಕು. ಆದ್ದರಿಂದ ಗದುಗಿನ ವೀರೇಶ್ವರ ಪುಣ್ಯಾಶ್ರಮದ ಕಥೆಯನ್ನೇ ಹೇಳುತ್ತೇನೆ.

ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಗದಿಗೆಯ್ಯನಿಗೆ ಕಣ್ಣು ಕಾಣುತ್ತಿರಲಿಲ್ಲ. ಅಣ್ಣ ಗುರುಬಸಯ್ಯನಿಗೂ ಅಷ್ಟೇ. ಆ ಕಾಲದ ಹಳ್ಳಿಯಲ್ಲಿ ಅಂಥ ಬಡ ಮಕ್ಕಳ ಮುಂದೆ ಇದ್ದ ದಾರಿ ಯಾವುದೆಂದು ಬಿಡಿಸಿ ಹೇಳಬೇಕಿಲ್ಲ. ಈ ಹುಡುಗರ ಕಂಠ ಗುರುತಿಸಿ ಸಂಗೀತ ಕಲಿಸಲು ಏರ್ಪಾಡು ಮಾಡಿದವರು ಹಾನಗಲ್ಲ ವಿರಕ್ತಮಠದ ಕುಮಾರ ಸ್ವಾಮಿಗಳು. ಗದಿಗೆಯ್ಯ ಮೈಸೂರಿನಲ್ಲಿ ಕರ್ನಾಟಕ ಸಂಗೀತ ಕಲಿತರು, ನೀಲಕಂಠ ಬುವಾ ಅವರಲ್ಲಿ ಹಿಂದೂಸ್ತಾನಿ ಕಲಿತರು, ಪಂಚಾಕ್ಷರ ಗವಾಯಿಗಳಾದರು.

ಎರಡೂ ಪದ್ಧತಿ ಬಲ್ಲ ಗಾಯಕ. ತನ್ನ ಕಛೇರಿ, ತನ್ನ ಹೆಸರು ಎಂದು ಇದ್ದುಬಿಡಬಹುದಿತ್ತು. ಅವರು ಅಂಧ ಮಕ್ಕಳನ್ನು, ಬಡ ಮಕ್ಕಳನ್ನು ಜತೆಗೆ ಕಟ್ಟಿಕೊಂಡರು. ಗದುಗಿನಲ್ಲಿ ನೆಲೆ ನಿಲ್ಲುವ ಮೊದಲು ಅದು ಊರೂರು ತಿರುಗುವ ಪಾಠಶಾಲೆ. ಊಟ, ವಸತಿ, ಪಾಠ ಎಲ್ಲವೂ ಉಚಿತ. ಉಚಿತ ಎಂದರೆ ಯಾರೋ ಒಬ್ಬರು ದುಡಿಯಬೇಕು ತಾನೆ? ಗವಾಯಿಗಳು ನಾಟಕ ಕಂಪನಿ ಕಟ್ಟಿದರು. ಕಣ್ಣಿಲ್ಲದವರು ಕಂಪನಿ ನಡೆಸುವುದೆಂದರೆ ಸುಮ್ಮನೆ ಮಾತೇ? ಪರದೆ, ಬಣ್ಣ, ನಟರ ಸಂಬಳ, ಸಾಗಾಟ, ಮಳೆ ಬಂದರೆ ಖಾಲಿ ಥಿಯೇಟರು! ಕಲೆ ಇಲ್ಲಿ ದೇವರ ಕೋಣೆಯಲ್ಲಿ ಕೂರಲಿಲ್ಲ, ಅಡುಗೆಮನೆಗೆ ಅಕ್ಕಿ ಜೋಳ ತಂದಿತು. ನನಗೆ ಈ ಕಥೆಯಲ್ಲಿ ಹಿಡಿಸುವುದು ಇದೇ.

1944ರಲ್ಲಿ ಅವರು ತೀರಿಕೊಂಡಾಗ ಹೊಣೆ ಹೊತ್ತವರು ಶಿಷ್ಯ ಪುಟ್ಟರಾಜ ಗವಾಯಿಗಳು. ಎಳವೆಯಲ್ಲೇ ದೃಷ್ಟಿ ಕಳೆದುಕೊಂಡವರು. ಹಲವು ವಾದ್ಯ ನುಡಿಸುತ್ತಿದ್ದರು. ಕನ್ನಡ, ಹಿಂದಿ, ಸಂಸ್ಕೃತದಲ್ಲಿ ಗ್ರಂಥ ರಚಿಸಿದರು, ನಾಟಕ ಬರೆದರು. ಭಕ್ತರು ತುಲಾಭಾರ ಮಾಡಿದರೆ ಬಂದದ್ದು ಆಶ್ರಮಕ್ಕೆ. 2010ರಲ್ಲಿ ಪದ್ಮಭೂಷಣ ಬಂತು. ಅದೇ ವರ್ಷ ಸೆಪ್ಟೆಂಬರ್ 17ರಂದು, 96ರ ವಯಸ್ಸಿನಲ್ಲಿ ತೀರಿಕೊಂಡರು. ಗುರುವಿನ ಹೊಣೆಯನ್ನು 66 ವರ್ಷ ಹೊತ್ತಿದ್ದರು.

ಇದನ್ನು ತ್ಯಾಗ ಎಂದು ಬರೆಯುವುದು ನಮ್ಮ ಪತ್ರಿಕೆಯವರಿಗೆ ಸಲೀಸು. ನನಗೆ ಆ ಪದ ಪೂರ್ತಿ ಒಪ್ಪಿಗೆಯಿಲ್ಲ. ಅವರು ಸಂಗೀತವನ್ನು ಬಿಟ್ಟುಕೊಡಲಿಲ್ಲ, ಅದನ್ನು ಇನ್ನೊಬ್ಬರ ಕೊರಳಿಗೆ ದಾಟಿಸಿದರು. ಆ ಮಕ್ಕಳಿಗೆ ಕೊಟ್ಟದ್ದು ಕನಿಕರವಲ್ಲ, ಕಸುಬು. ಹಾರ್ಮೋನಿಯಂ ಬಂದವನು ನಾಟಕಕ್ಕೋ ಕೀರ್ತನೆಗೋ ನುಡಿಸಿ ಬದುಕಬಲ್ಲ, ಶಾಲೆಯಲ್ಲಿ ಸಂಗೀತದ ಮೇಷ್ಟರಾಗಬಲ್ಲ.

ಪಂಚಾಕ್ಷರ ಗವಾಯಿಗಳ ಶಿಷ್ಯರೆಂದರೆ ಬಸವರಾಜ ರಾಜಗುರು, ಸಿದ್ದರಾಮ ಜಂಬಲದಿನ್ನಿ ಹೆಸರು ಎಲ್ಲರ ಬಾಯಲ್ಲಿ ಬರುತ್ತದೆ. ಅಲ್ಲಿ ಕಣ್ಣಿದ್ದವರಿಗೂ ಬಾಗಿಲು ತೆರೆದಿತ್ತು. ಬಳ್ಳಾರಿ ಸೀಮೆಯ ಲಕ್ಷ್ಮೀಪುರದ ಹುಡುಗನೊಬ್ಬ ಸುಮಾರು 12ರ ವಯಸ್ಸಿಗೆ ಆಶ್ರಮ ಸೇರಿ, ಮತ್ತೆ 12 ವರ್ಷ ಪುಟ್ಟರಾಜರ ಬಳಿ ಕಲಿತ. 2016ರಲ್ಲಿ ಪದ್ಮಶ್ರೀ ಪಡೆದ ಎಂ. ವೆಂಕಟೇಶ ಕುಮಾರ್ ಆತನೇ. ಮುಂದಿನ ಸಲ ಅವರ ಹಾಡು ಕೇಳುವಾಗ ಆ ನಾಟಕ ಕಂಪನಿಯ ಪರದೆಯನ್ನೂ ಒಮ್ಮೆ ನೆನೆಸಿಕೊಳ್ಳಿ.